ಕೂದಲಿನ ಎಳೆ ಸಣ್ಣದಾದರೆ ಹೇರ್ ಟ್ರಾನ್ಸ್‌ಪ್ಲಾಂಟ್ ಲೆಕ್ಕವೇ ಬೇರೆ: ಗ್ರಾಫ್ಟ್ ಸಂಖ್ಯೆ ಹೇಳದ ವಿಷಯ

“ಒಂದೇ ದಿನದಲ್ಲಿ 5000 ಗ್ರಾಫ್ಟ್! ತಲೆ ತುಂಬ ಕೂದಲು, ಜೀವನಪೂರ್ತಿ ಗ್ಯಾರಂಟಿ, ಸುಲಭ ಕಂತು.” ಇಂಥದ್ದೊಂದು ಪೋಸ್ಟರ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಎಡಗಡೆ ಬೋಳು ಹಣೆ, ಬಲಗಡೆ ದಟ್ಟ ಕ್ರಾಪು. ಹೆಣ್ಣು ನೋಡುತ್ತಿರುವ ಹುಡುಗನಿಗೆ ಅದನ್ನು ಕಳಿಸಿ “ನೋಡೋ, ಇದನ್ನ ಮಾಡಿಸ್ಕೊಂಡ್ಬಿಡು” ಎನ್ನುವ ಸೋದರಮಾವಂದಿರೂ ಇದ್ದಾರೆ. ಪೋಸ್ಟರ್‌ನಲ್ಲಿ ಗ್ರಾಫ್ಟ್ ಸಂಖ್ಯೆ ಇರುತ್ತದೆ, ರೇಟು ಇರುತ್ತದೆ, ಫೋನ್ ನಂಬರ್ ಇರುತ್ತದೆ. ಇಲ್ಲದಿರುವುದು ಒಂದೇ: ಚಿತ್ರದಲ್ಲಿರುವ ವ್ಯಕ್ತಿಯ ಕೂದಲಿನ ಎಳೆ ಎಷ್ಟು ದಪ್ಪ ಎನ್ನುವುದು.

ಅದನ್ನು ಯಾರೂ ಕೇಳುವುದಿಲ್ಲ. ಆದರೆ ಒಂದೇ ವೈದ್ಯರು, ಒಂದೇ ವಿಧಾನದಲ್ಲಿ, ಇಬ್ಬರಿಗೆ ತಲಾ 3000 ಗ್ರಾಫ್ಟ್ ನೆಟ್ಟರೂ ಒಬ್ಬರ ತಲೆ ತುಂಬಿದಂತೆ ಕಂಡು, ಇನ್ನೊಬ್ಬರ ತಲೆಯಲ್ಲಿ ಬುರುಡೆಯ ಚರ್ಮ ಇಣುಕುತ್ತಿರಬಹುದು. ಎರಡನೆಯವರಿಗೆ ಮೋಸವಾಗಿರಬೇಕೆಂದೇನಿಲ್ಲ. ಅವರ ಕೂದಲಿನ ಎಳೆ ಸಣ್ಣದು, ಅಷ್ಟೆ. ಅಂಥವರಿಗೆ ಟ್ರಾನ್ಸ್‌ಪ್ಲಾಂಟ್ ಆಗುವುದೇ ಇಲ್ಲ ಎಂದು ಹೆದರಿಸುವ ಫಾರ್ವರ್ಡ್‌ಗಳೂ ಓಡಾಡುತ್ತಿವೆ, ಅದೂ ಸುಳ್ಳು. ಆಗುತ್ತದೆ. ಆದರೆ ಯೋಜನೆ ಬೇರೆಯಾಗಬೇಕು.

ಸಣ್ಣ ಎಳೆ ಎಂದರೆ ಎಷ್ಟು ಸಣ್ಣ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಾವು ಮಾತಿನಲ್ಲಿ “ಅವನ ಕೂದಲು ತೆಳು” ಎಂದು ಎರಡು ಅರ್ಥದಲ್ಲಿ ಹೇಳುತ್ತೇವೆ. ತಲೆಯ ಮೇಲೆ ಕೂದಲಿನ ಸಂಖ್ಯೆ ಕಡಿಮೆ ಎಂಬುದು ಒಂದು. ಒಂದೊಂದು ಎಳೆಯೂ ಸಣ್ಣ ಎಂಬುದು ಇನ್ನೊಂದು. ಎಳೆ ಸಣ್ಣದಿದ್ದು ಸಂಖ್ಯೆ ಹೇರಳವಾಗಿರುವವರು ಇದ್ದಾರೆ. ಎಳೆ ದಪ್ಪವಿದ್ದು ಸಂಖ್ಯೆ ಕಡಿಮೆ ಇರುವವರೂ ಇದ್ದಾರೆ. ಇಲ್ಲಿ ನಾವು ಮಾತಾಡುತ್ತಿರುವುದು ಎಳೆಯ ದಪ್ಪದ ಬಗ್ಗೆ.

ತಲೆಗೂದಲಿನ ದಪ್ಪವನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಸುಮಾರು 60 ಮೈಕ್ರಾನ್‌ಗಿಂತ ಕಡಿಮೆ ಇದ್ದರೆ ಸಣ್ಣ ಎಳೆ, 60ರಿಂದ 80ರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ದಪ್ಪ ಎಂದು ಸ್ಥೂಲವಾಗಿ ವಿಂಗಡಿಸುತ್ತಾರೆ. ಜೆರಾಕ್ಸ್ ಹಾಳೆಯೊಂದರ ದಪ್ಪ ಸುಮಾರು 100 ಮೈಕ್ರಾನ್. ಸಣ್ಣ ಎಳೆಯ ಕೂದಲು ಅದರ ಅರ್ಧದಷ್ಟು. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಸ್ಕ್ರೂ ಗೇಜ್ ನೆನಪಿರಬಹುದು. ಅದರ ಅತಿ ಸಣ್ಣ ಅಳತೆ 0.01 ಮಿ.ಮೀ., ಅಂದರೆ 10 ಮೈಕ್ರಾನ್. 50 ಮೈಕ್ರಾನ್ ಎಳೆ ಅದರಲ್ಲಿ 5 ಗೆರೆ ತೋರಿಸಿದರೆ 80 ಮೈಕ್ರಾನ್ ಎಳೆ 8 ಗೆರೆ ತೋರಿಸುತ್ತದೆ.

ಮನೆಯಲ್ಲೇ ಅಂದಾಜು ಬೇಕೆಂದರೆ, ಬಾಚಣಿಗೆಗೆ ಸಿಕ್ಕ ಒಂದು ಕೂದಲನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡಿ. ಏನೂ ಇಲ್ಲವೇನೋ ಅನ್ನಿಸಿದರೆ ಸಣ್ಣ ಎಳೆ. ತಂತಿಯ ಹಾಗೆ ಬೆರಳಿಗೆ ತಾಗಿದರೆ ದಪ್ಪ. ಇದು ಬರೀ ಅಂದಾಜು. ವೈದ್ಯರು ಟ್ರೈಕೋಸ್ಕೋಪ್ ಎಂಬ ಹಿಗ್ಗಿಸಿ ತೋರಿಸುವ ಕ್ಯಾಮೆರಾದಲ್ಲಿ ಸರಿಯಾಗಿಯೇ ಅಳೆಯಬಲ್ಲರು. ಅಳೆಯದೆ ಗ್ರಾಫ್ಟ್ ಸಂಖ್ಯೆ ಹೇಳಿದರೆ ಅದು ಊಹೆಯಷ್ಟೇ.

30 ಮೈಕ್ರಾನ್ ವ್ಯತ್ಯಾಸ ಅಷ್ಟೊಂದು ಮುಖ್ಯವೇ?

ಇಲ್ಲೇ ಇರುವುದು ಗುಟ್ಟು. 50ಕ್ಕೂ 80ಕ್ಕೂ ನಡುವೆ ಇರುವುದು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಅಂತರ. ಆದರೆ ಕೂದಲಿನ ಗಾತ್ರ ಹೆಚ್ಚುವುದು ಅಡ್ಡಳತೆಯ ವರ್ಗದ ಲೆಕ್ಕದಲ್ಲಿ. 1.6ನ್ನು 1.6ರಿಂದ ಗುಣಿಸಿ: 2.56. ಅಂದರೆ 80 ಮೈಕ್ರಾನಿನ ಒಂದು ಕೂದಲಿನಲ್ಲಿ 50 ಮೈಕ್ರಾನಿನ ಎರಡೂವರೆ ಕೂದಲಿನಷ್ಟು ಸರಕು ಇದೆ.

ಇದನ್ನು ಗ್ರಾಫ್ಟ್‌ಗೆ ಅನ್ವಯಿಸಿ. ಗ್ರಾಫ್ಟ್ ಎಂದರೆ ಒಂದು ಕೂದಲಲ್ಲ. ನಮ್ಮ ತಲೆಗೂದಲು ಒಂದು, ಎರಡು, ಮೂರು, ಕೆಲವೆಡೆ ನಾಲ್ಕು ಕೂದಲಿನ ಪುಟ್ಟ ಗುಂಪುಗಳಾಗಿ ಬೆಳೆಯುತ್ತದೆ. ಅಂಥ ಒಂದು ಗುಂಪನ್ನು ಬೇರುಸಹಿತ ತೆಗೆದರೆ ಅದೇ ಒಂದು ಗ್ರಾಫ್ಟ್. ಸರಾಸರಿ ಎರಡು ಕೂದಲು ಎಂದಿಟ್ಟುಕೊಂಡರೆ 3000 ಗ್ರಾಫ್ಟ್‌ಗೆ 6000 ಕೂದಲು. ಆ ಆರು ಸಾವಿರವನ್ನೂ ಸಂದಿಯಿಲ್ಲದಂತೆ ಒತ್ತಿ ಒಂದು ಹಗ್ಗ ಮಾಡಿದೆವು ಎಂದುಕೊಳ್ಳಿ. ದಪ್ಪ ಎಳೆಯವರ ಹಗ್ಗದ ಅಡ್ಡಳತೆ 6 ಮಿ.ಮೀ.ಗಿಂತ ತುಸು ಹೆಚ್ಚು, ಹೆಚ್ಚುಕಡಿಮೆ ಪೆನ್ಸಿಲ್‌ನಷ್ಟು. ಸಣ್ಣ ಎಳೆಯವರದ್ದು 4 ಮಿ.ಮೀ. ಕೂಡ ಆಗುವುದಿಲ್ಲ.

ಸಣ್ಣ ಎಳೆಯವರಿಗೂ ಪೆನ್ಸಿಲ್ ದಪ್ಪದ ಹಗ್ಗ ಬೇಕೆಂದರೆ 3000 ಅಲ್ಲ, ಸುಮಾರು 7700 ಗ್ರಾಫ್ಟ್ ಬೇಕು. ಅಷ್ಟು ಬಹುಪಾಲು ಜನರ ಹಿಂದಲೆಯಲ್ಲಿ ಇರುವುದೇ ಇಲ್ಲ. ಒಬ್ಬ ವ್ಯಕ್ತಿಯ ಹಿಂದಲೆ ಮತ್ತು ಕಿವಿಯ ಮೇಲ್ಭಾಗದಿಂದ ಇಡೀ ಜೀವಮಾನದಲ್ಲಿ ಸುರಕ್ಷಿತವಾಗಿ ತೆಗೆಯಬಹುದಾದದ್ದು ಸಾಮಾನ್ಯವಾಗಿ 4000ದಿಂದ 6000 ಗ್ರಾಫ್ಟ್. ತೆಗೆದ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ. ಇದು ಬ್ಯಾಂಕಿನ ಬಡ್ಡಿಯಲ್ಲ, ಅಸಲು. ಹಾಗಾಗಿ “ಅನ್‌ಲಿಮಿಟೆಡ್ ಗ್ರಾಫ್ಟ್” ಎಂಬ ಜಾಹೀರಾತು ಕಂಡರೆ ಮುಂದೆ ಓದುವ ಅಗತ್ಯವಿಲ್ಲ.

ಇನ್ನೂ ಒಂದು ಸಂಗತಿ ಇದೆ, ಇದನ್ನು ಕೌನ್ಸೆಲಿಂಗ್‌ನಲ್ಲಿ ಹೇಳುವವರು ಕಡಿಮೆ. ಕೂದಲಿನ ಸೆಟೆತನ ಅಡ್ಡಳತೆಯ ನಾಲ್ಕನೇ ಘಾತದಲ್ಲಿ ಏರುತ್ತದೆ. 1.6ನ್ನು ನಾಲ್ಕು ಬಾರಿ ಗುಣಿಸಿದರೆ ಸುಮಾರು 6.5. ಅಂದರೆ ದಪ್ಪ ಎಳೆ ಸಣ್ಣ ಎಳೆಗಿಂತ ಆರೂವರೆ ಪಟ್ಟು ಸೆಟೆದು ನಿಲ್ಲುತ್ತದೆ. ಅದಕ್ಕೇ ದಪ್ಪ ಕೂದಲು ಬುಡದಿಂದ ಎದ್ದು ನಿಂತು ಪೊದೆಯಂತೆ ಕಾಣುತ್ತದೆ, ಸಣ್ಣ ಕೂದಲು ಮಲಗಿಬಿಡುತ್ತದೆ. ಅದರ ಮೇಲೆ ನಮ್ಮ ಕಡೆಯ ಅಭ್ಯಾಸ ಬೇರೆ: ಬೆಳಿಗ್ಗೆ ಎದ್ದು ಕೊಬ್ಬರಿ ಎಣ್ಣೆ ಸವರುವುದು. ಎಣ್ಣೆ ಅಥವಾ ಬೆವರು ತಾಗಿದರೆ ಸಣ್ಣ ಎಳೆಗಳು ಒಂದಕ್ಕೊಂದು ಅಂಟಿ ಕಡ್ಡಿಕಡ್ಡಿಯಾಗುತ್ತವೆ, ನಡುವೆ ಚರ್ಮ ಕಾಣುತ್ತದೆ. ಎಣ್ಣೆಯಿಂದ ಕೂದಲು ಉದುರಿತು ಎಂದು ಗಾಬರಿಯಾಗುವವರು ಒಮ್ಮೆ ಶಾಂಪೂ ಹಾಕಿ ಒಣಗಿಸಿ ನೋಡಲಿ.

ಹಾಗಾದರೆ ಸಣ್ಣ ಎಳೆಗೆ ಲಾಭವೇ ಇಲ್ಲವೇ?

ಇದೆ, ಅದೂ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ. ಹುಟ್ಟಿನಿಂದ ಬಂದ ಹಣೆಯಂಚನ್ನು ಕನ್ನಡಿಯಲ್ಲಿ ಹತ್ತಿರದಿಂದ ನೋಡಿ. ಅಂಚಿನ ಕೂದಲು ಒಂಟೊಂಟಿ, ಹಿಂದಿನ ಕೂದಲಿಗಿಂತ ನಯ, ಸಾಲು ಅಂಕುಡೊಂಕು. ದಪ್ಪ ಎಳೆಯವರಿಗೆ ಹಿಂದಲೆಯ ದಪ್ಪ ಕೂದಲನ್ನು ಹಣೆಯಂಚಿಗೆ ತಂದು ನೆಟ್ಟರೆ, ಸ್ವಲ್ಪ ಎಚ್ಚರ ತಪ್ಪಿದರೂ, ಟೂತ್‌ಬ್ರಷ್‌ನಂತೆ ಕಾಣುತ್ತದೆ. ಸಣ್ಣ ಎಳೆಯವರಿಗೆ ಈ ಅಪಾಯ ಕಡಿಮೆ. ಅವರ ಹಣೆಯಂಚು ಬಹಳ ಸಹಜವಾಗಿ ಬರುತ್ತದೆ. ಸಹಜತೆ ಸುಲಭ, ದಟ್ಟಣೆ ಕಷ್ಟ ಎಂದರೆ ಇವರ ಸ್ಥಿತಿ ಅರ್ಥವಾದಂತೆ.

ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಬಿಳಿ ಚರ್ಮದ ಮೇಲೆ ಕಡುಗಪ್ಪು ಕೂದಲಿದ್ದರೆ ನಡುವಿನ ಖಾಲಿ ಎದ್ದು ಕಾಣುತ್ತದೆ. ಕಂದು ಚರ್ಮದ ಮೇಲೆ ಅದೇ ಖಾಲಿ ಅಷ್ಟು ಕಾಣುವುದಿಲ್ಲ. ಈ ವಿಷಯದಲ್ಲಿ ನಮ್ಮ ಬಹುತೇಕರಿಗೆ ಅನುಕೂಲವೇ. ತಿರುಗುಮುರುಗಾಗಿ, ತುಂಬಾ ಬೆಳ್ಳಗಿದ್ದು ಕೂದಲಿಗೆ ಕಪ್ಪು ಡೈ ಹಚ್ಚುವವರು ಕಡುಗಪ್ಪಿನ ಬದಲು ಕಂದು ಬಣ್ಣಕ್ಕೆ ಬದಲಾಯಿಸಿದರೂ ತಲೆ ತುಂಬಿದಂತೆ ಕಾಣಬಹುದು, ಖರ್ಚಿಲ್ಲದೆ. ಗುಂಗುರು ಕೂದಲಿದ್ದರಂತೂ ಎಳೆ ಸಣ್ಣದಾದರೂ ಹೆಚ್ಚು ಜಾಗ ಮುಚ್ಚುತ್ತದೆ.

ಯೋಜನೆಯ ನಿಜವಾದ ಜಗಳ: ಹಣೆಯಂಚು ಎಲ್ಲಿರಬೇಕು?

ಕುರ್ಚಿಯಲ್ಲಿ ಕೂತ ಹುಡುಗ ಕಾಲೇಜಿನ ಐಡಿ ಕಾರ್ಡ್ ತೋರಿಸಿ “ಹೀಗೇ ಬೇಕು ಡಾಕ್ಟ್ರೇ” ಎನ್ನುತ್ತಾನೆ. ಒಳ್ಳೆಯ ವೈದ್ಯರು ಒಪ್ಪುವುದಿಲ್ಲ. ಯಾಕೆ ಎಂಬುದನ್ನು ಲೆಕ್ಕದಲ್ಲೇ ನೋಡಬಹುದು.

ಹಣೆಯಂಚಿನ ಅಗಲ ಸುಮಾರು 15 ಸೆಂ.ಮೀ. ಎಂದುಕೊಳ್ಳಿ. ಅದನ್ನು ಕೇವಲ ಒಂದು ಸೆಂ.ಮೀ. ಕೆಳಗಿಳಿಸಿದರೆ 15 ಚದರ ಸೆಂ.ಮೀ. ಹೊಸ ಜಾಗ ತುಂಬಬೇಕು. ಚದರ ಸೆಂ.ಮೀ.ಗೆ 40 ಗ್ರಾಫ್ಟ್‌ನಂತೆ 600 ಗ್ರಾಫ್ಟ್ ಅಲ್ಲೇ ಖರ್ಚು. ಬೆರಳಿನಗಲದ ಆಸೆಗೆ ಜೀವಮಾನದ ದಾಸ್ತಾನಿನ ಎಂಟರಲ್ಲೊಂದು ಭಾಗ! ದಪ್ಪ ಎಳೆಯವರು ಈ ಐಷಾರಾಮ ಮಾಡಬಹುದೇನೋ. ಸಣ್ಣ ಎಳೆಯವರು ಮಾಡಿದರೆ ಅದರ ಹಿಂದಿನ ಭಾಗಕ್ಕೆ ಉಳಿಯುವುದಿಲ್ಲ. ಅವರಿಗೆ ಹಣೆಯಂಚು ಹುಬ್ಬುಗಳ ನಡುವಿನಿಂದ ನಾಲ್ಕು ಬೆರಳಿನಗಲ ಅಥವಾ ಅದಕ್ಕೂ ಮೇಲಿದ್ದು, ಎರಡೂ ಕಪೋಲದ ಮೂಲೆಗಳು ತುಸು ಹಿಂದೆ ಸರಿದಿರುವುದೇ ಮೇಲು. ನಲವತ್ತೈದರ ಮುಖಕ್ಕೂ ಒಪ್ಪುವ ಅಂಚು ಅದು. ಇಪ್ಪತ್ತೈದರಲ್ಲಿ ಎಳೆದ ತಗ್ಗು ಅಂಚು ಮುಂದೆ ಹಿಂಭಾಗ ಬೋಳಾದಾಗ ವಿಚಿತ್ರವಾಗಿ ಉಳಿದುಬಿಡುತ್ತದೆ. ಯಾಕೆಂದರೆ ನೆಟ್ಟ ಕೂದಲು ಉಳಿಯುತ್ತದೆ, ಅದರ ಹಿಂದಿನ ಮೂಲ ಕೂದಲು ಉದುರುತ್ತಲೇ ಹೋಗುತ್ತದೆ.

ಹುಟ್ಟಿನಿಂದ ಬಂದ ದಟ್ಟಣೆ ಚದರ ಸೆಂ.ಮೀ.ಗೆ ಸುಮಾರು 80 ಗುಂಪು. ನೆಡುವಾಗ 35ರಿಂದ 45 ಸಾಕು ಎನ್ನುವುದಕ್ಕೆ ಕಾರಣ, ಅರ್ಧದಷ್ಟು ಕೂದಲು ಹೋಗುವವರೆಗೂ ನಮ್ಮ ಕಣ್ಣಿಗೆ ಗೊತ್ತಾಗುವುದು ಕಡಿಮೆ. ಈ “ಅರ್ಧ ಸಾಕು” ನಿಯಮ ಮಧ್ಯಮ ಎಳೆಯವರನ್ನು ನೋಡಿ ಹುಟ್ಟಿದ್ದು. ಸಣ್ಣ ಎಳೆಯವರಿಗೆ ಅರ್ಧದಲ್ಲಿ ಚರ್ಮ ಕಾಣಬಹುದು. ಹಾಗೆಂದು ಎಲ್ಲ ಕಡೆ 60 ತುಂಬಲು ಹೋದರೆ ದಾಸ್ತಾನು ಮುಗಿಯುತ್ತದೆ, ಒತ್ತೊತ್ತಾಗಿ ರಂಧ್ರ ಮಾಡಿದ ಚರ್ಮಕ್ಕೆ ರಕ್ತ ಪೂರೈಕೆಯೂ ತೊಂದರೆಗೀಡಾಗಬಹುದು. ದಾರಿ ಏನು? ಎಲ್ಲ ಕಡೆ ಸಮನಾಗಿ ಹಂಚದಿರುವುದು.

ಮುಂಭಾಗದ ನಡುವೆ, ಕ್ರಾಪು ಏಳುವ ಜಾಗದಲ್ಲಿ, ಮೂರು ಕೂದಲಿನ ಗ್ರಾಫ್ಟ್‌ಗಳನ್ನು ಹತ್ತಿರ ಹತ್ತಿರ ನೆಡುತ್ತಾರೆ. ಅಂಚಿನ ಮೊದಲ ಒಂದೆರಡು ಸಾಲಿಗೆ ಒಂಟಿ ಕೂದಲು. ಬದಿಗಳಿಗೆ ಎರಡೆರಡರದ್ದು, ಸ್ವಲ್ಪ ವಿರಳವಾಗಿ. ನೀವು ಎಡಕ್ಕೆ ಬೈತಲೆ ತೆಗೆಯುವವರಾದರೆ ಎಡಭಾಗಕ್ಕೆ ತುಸು ಹೆಚ್ಚು ಕೊಟ್ಟು, ಅಲ್ಲಿಂದ ಬಲಕ್ಕೆ ಬಾಚಿದ ಕೂದಲು ಉಳಿದದ್ದನ್ನು ಮುಚ್ಚುವಂತೆ ಮಾಡುತ್ತಾರೆ. ಹಾಗಾಗಿ ಶಸ್ತ್ರಚಿಕಿತ್ಸೆಗೆ ಮೊದಲೇ “ನೀವು ಹೇಗೆ ತಲೆ ಬಾಚ್ತೀರಿ?” ಎಂದು ಕೇಳದ ವೈದ್ಯರು ಒಂದು ಮುಖ್ಯ ಪ್ರಶ್ನೆ ಬಿಟ್ಟಿದ್ದಾರೆ ಎಂದೇ ಅರ್ಥ. ಕೋನವೂ ಅಷ್ಟೇ ಮುಖ್ಯ. ಮಂಗಳೂರು ಹೆಂಚು ಹೊದಿಸಿದ ಮಾಡನ್ನು ನೆನಪಿಸಿಕೊಳ್ಳಿ. ಪ್ರತಿ ಹೆಂಚೂ ಕೆಳಗಿನದ್ದರ ಮೇಲೆ ಚಾಚಿಕೊಂಡಿರುವುದರಿಂದ ಸಂದಿ ಕಾಣದು. ಕೂದಲನ್ನೂ ಚರ್ಮಕ್ಕೆ ಬಾಗಿಸಿ ಒಂದರ ಮೇಲೊಂದು ಬರುವಂತೆ ನೆಟ್ಟರೆ ಅಷ್ಟೇ ಕೂದಲು ಹೆಚ್ಚು ಜಾಗ ಮುಚ್ಚುತ್ತದೆ.

ನೆತ್ತಿಯ ಸುಳಿಯನ್ನು ಯಾಕೆ ಕೊನೆಗೆ ಬಿಡುತ್ತಾರೆ?

ಎರಡು ಸುಳಿ ಇದ್ದವರಿಗೆ ಎರಡು ಮದುವೆ ಎಂಬ ಮಾತು ನಮ್ಮಲ್ಲಿದೆ. ಅದು ಇರಲಿ. ಟ್ರಾನ್ಸ್‌ಪ್ಲಾಂಟ್ ಮಾಡುವವರಿಗೆ ಒಂದೇ ಸುಳಿ ಸಾಕು, ತಲೆನೋವಿಗೆ. ಅಲ್ಲಿ ಕೂದಲು ಒಂದು ಬಿಂದುವಿನಿಂದ ಸುತ್ತಲೂ ಹೊರಮುಖವಾಗಿ ಹರಡುತ್ತದೆ. ಹೆಂಚಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಒಂದು ಕೂದಲು ಇನ್ನೊಂದನ್ನು ಮುಚ್ಚುವ ಬದಲು ದೂರ ಸರಿಯುತ್ತದೆ. ಎಷ್ಟು ಹಾಕಿದರೂ ನುಂಗುತ್ತದೆ. ಜೊತೆಗೆ ಆ ಭಾಗದ ಬೋಳು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ. ನಡುವೆ ನೆಟ್ಟ ಕೂದಲು ದ್ವೀಪದಂತೆ ಉಳಿದು ಸುತ್ತ ಖಾಲಿ ಉಂಗುರವಾದರೆ ಅದನ್ನು ತುಂಬಲು ಮತ್ತೆ ದಾಸ್ತಾನು ಬೇಕು.

ಉದಾಹರಣೆಗೆ ಮುಂಭಾಗದ 80 ಚದರ ಸೆಂ.ಮೀ.ಗೆ ನಲವತ್ತರಂತೆ 3200 ಗ್ರಾಫ್ಟ್, ನೆತ್ತಿಯ 60 ಚದರ ಸೆಂ.ಮೀ.ಗೆ ಮೂವತ್ತರಂತೆ 1800. ಒಟ್ಟು 5000. ಮೂವತ್ತನೇ ವಯಸ್ಸಿಗೇ ಪೆಟ್ಟಿಗೆ ಖಾಲಿ. ಮುಂದಿನ ಇಪ್ಪತ್ತು ವರ್ಷ ಉದುರುವುದಕ್ಕೆ ಏನು ಮಾಡುವುದು? ಆದ್ದರಿಂದ ಸಣ್ಣ ಎಳೆಯವರಲ್ಲಿ, ಅದರಲ್ಲೂ ವಯಸ್ಸು ಚಿಕ್ಕದಿದ್ದರೆ, ಮುಖಕ್ಕೆ ಚೌಕಟ್ಟಾಗುವ ಮುಂಭಾಗವನ್ನು ಮೊದಲು ಮಾಡಿ, ನೆತ್ತಿಯನ್ನು ಔಷಧಿಗೆ ಬಿಟ್ಟು, ಕೆಲವು ವರ್ಷ ಕಾದು ನೋಡುವುದು ಬುದ್ಧಿವಂತಿಕೆ. ನೆತ್ತಿ ನಮಗೆ ಕಾಣುವುದಿಲ್ಲ, ಲಿಫ್ಟಿನ ಸಿಸಿಟಿವಿ ಕ್ಯಾಮೆರಾಗೆ ಮಾತ್ರ ಕಾಣುತ್ತದೆ.

ಹಿಂದಲೆ: ನೋಡಲೇಬೇಕಾದ ಜಾಗ

ಹಿಂದಲೆಯ ಕೂದಲನ್ನು ಬೋಳಾದ ಜಾಗಕ್ಕೆ ನೆಟ್ಟರೂ ಅದು ತನ್ನ ಮೂಲ ಗುಣ ಉಳಿಸಿಕೊಂಡು ಉದುರದೆ ಇರುತ್ತದೆ. ಈ ತತ್ವವನ್ನು 1959ರಲ್ಲಿ ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ ಪ್ರಕಟಿಸಿದರು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1939ರಲ್ಲಿ, ಜಪಾನಿನ ಶೋಜಿ ಒಕುಡಾ ಪುಟ್ಟ ಪುಟ್ಟ ಗ್ರಾಫ್ಟ್ ನೆಡುವ ಬಗ್ಗೆ ಬರೆದಿದ್ದರು. ಯುದ್ಧದ ಗದ್ದಲದಲ್ಲಿ ಹೊರಜಗತ್ತಿಗೆ ಅದು ತಲುಪಲಿಲ್ಲ. “ಮೂಲ ಗುಣ ಉಳಿಸಿಕೊಳ್ಳುತ್ತದೆ” ಎಂಬುದಕ್ಕೆ ಇನ್ನೊಂದು ಮುಖವಿದೆ: ಸಣ್ಣ ಎಳೆಯನ್ನು ನೆಟ್ಟರೆ ಸಣ್ಣ ಎಳೆಯೇ ಬೆಳೆಯುತ್ತದೆ. ನೆಟ್ಟ ಮೇಲೆ ದಪ್ಪವಾಗುತ್ತದೆ ಎಂಬ ಭರವಸೆಗೆ ಆಧಾರವಿಲ್ಲ.

ಈಗ ಬಹಳ ಮುಖ್ಯವಾದ ಪ್ರಶ್ನೆ. ನಿಮ್ಮ ಎಳೆ ಹುಟ್ಟಿನಿಂದಲೇ ಸಣ್ಣದೋ, ಅಥವಾ ಇತ್ತೀಚೆಗೆ ಸಣ್ಣದಾಗುತ್ತಿದೆಯೋ? ಗಂಡಸರ ಬೋಳುತನದಲ್ಲಿ ಕೂದಲು ಒಮ್ಮೆಗೇ ಉದುರಿ ಹೋಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಎಳೆ ಸಣ್ಣದಾಗುತ್ತಾ, ಗಿಡ್ಡವಾಗುತ್ತಾ, ಕೊನೆಗೆ ರೋಮದಂತಾಗುತ್ತದೆ. ಹಣೆ ಮತ್ತು ನೆತ್ತಿಯಲ್ಲಿ ಹೀಗಾಗಿ ಹಿಂದಲೆ ಗಟ್ಟಿಯಾಗಿದ್ದರೆ ಟ್ರಾನ್ಸ್‌ಪ್ಲಾಂಟ್‌ಗೆ ಅಡ್ಡಿಯಿಲ್ಲ. ಆದರೆ ಕೆಲವರಲ್ಲಿ ಹಿಂದಲೆಯೂ ಸೇರಿ ಇಡೀ ತಲೆಯ ಎಳೆಗಳು ಸಣ್ಣದಾಗುತ್ತಿರುತ್ತವೆ. ಹೊರನೋಟಕ್ಕೆ ಇವರೂ “ಸಣ್ಣ ಎಳೆಯವರು” ಎಂದೇ ಕಾಣುತ್ತಾರೆ. ಇವರ ಹಿಂದಲೆಯಿಂದ ತೆಗೆದು ನೆಟ್ಟರೆ ನೆಟ್ಟದ್ದೂ ಕೆಲವು ವರ್ಷಗಳಲ್ಲಿ ಹೋಗುತ್ತದೆ, ಹಿಂದಲೆಯೂ ಬರಿದಾಗುತ್ತದೆ. ಎರಡೂ ಕಡೆ ನಷ್ಟ.

ಇದನ್ನು ಪತ್ತೆ ಮಾಡುವುದು ಕಷ್ಟವೇನಲ್ಲ. ಟ್ರೈಕೋಸ್ಕೋಪ್ ಇಟ್ಟು ಹಿಂದಲೆಯನ್ನು ನೋಡಬೇಕು. ಎಲ್ಲ ಎಳೆಗಳೂ ಹೆಚ್ಚುಕಡಿಮೆ ಒಂದೇ ದಪ್ಪ ಇದ್ದರೆ ಅದು ಹುಟ್ಟುಗುಣ. ದಪ್ಪ-ಸಣ್ಣ ಕಲಸಿಕೊಂಡಿದ್ದು, ಐದರಲ್ಲೊಂದಕ್ಕಿಂತ ಹೆಚ್ಚು ಎಳೆಗಳು ಕೃಶವಾಗಿದ್ದರೆ ಎಚ್ಚರಿಕೆ ಬೇಕು. ಕತ್ತಿನ ಕಡೆಯಿಂದ ಮೇಲಕ್ಕೆ, ಕಿವಿಯ ಸುತ್ತ ತೆಳ್ಳಗಾಗುತ್ತಾ ಬರುವ ಇನ್ನೊಂದು ಬಗೆಯೂ ಇದೆ. ಸಮಾಲೋಚನೆಗೆ ಹೋದಾಗ ಮುಂದಲೆಯನ್ನಷ್ಟೇ ನೋಡಿ ಪೆನ್ನಿನಲ್ಲಿ ಗೆರೆ ಎಳೆದು ರೇಟು ಹೇಳಿದರೆ “ಹಿಂದಿನದನ್ನು ಸ್ಕೋಪ್‌ನಲ್ಲಿ ನೋಡ್ತೀರಾ?” ಎಂದು ಬಾಯಿಬಿಟ್ಟು ಕೇಳಿ. ನಿಮ್ಮ ಅಪ್ಪ, ದೊಡ್ಡಪ್ಪ, ತಾಯಿಯ ಕಡೆಯ ಮಾವಂದಿರ ತಲೆ ಹೇಗಿತ್ತು ಎಂಬ ಮಾಹಿತಿಯನ್ನೂ ಒಯ್ಯಿರಿ. ಮದುವೆ ಆಲ್ಬಂ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ತೆಗೆಯುವ ವಿಧಾನದಲ್ಲೂ ಸಣ್ಣ ಎಳೆಯವರಿಗೆ ವಿಶೇಷವಿದೆ. ಎಫ್‌ಯುಇ ವಿಧಾನದಲ್ಲಿ ಒಂದು ಮಿ.ಮೀ.ಗಿಂತ ಸಣ್ಣ ಕೊಳವೆಯಿಂದ ಒಂದೊಂದೇ ಗ್ರಾಫ್ಟ್ ಕೊರೆದು ತೆಗೆಯುತ್ತಾರೆ, ಚುಕ್ಕೆ ಗುರುತು ಉಳಿಯುತ್ತದೆ. ಎಫ್‌ಯುಟಿಯಲ್ಲಿ ಚರ್ಮದ ಪಟ್ಟಿ ತೆಗೆದು ಹೊಲಿಯುತ್ತಾರೆ, ಗೆರೆ ಗುರುತು ಉಳಿಯುತ್ತದೆ. “ಎಫ್‌ಯುಇಯಲ್ಲಿ ಕಲೆಯೇ ಇರುವುದಿಲ್ಲ” ಎಂಬುದು ಪ್ರಚಾರದ ಮಾತು. ದಪ್ಪ ಕೂದಲಿನವರಲ್ಲಿ ಸುತ್ತಲ ಕೂದಲು ಚುಕ್ಕೆಗಳನ್ನು ಮುಚ್ಚುತ್ತದೆ. ಸಣ್ಣ ಎಳೆಯವರಲ್ಲಿ ಮಿತಿಮೀರಿ ತೆಗೆದರೆ ಹಿಂದಲೆ ಹುಳ ತಿಂದ ಬಟ್ಟೆಯಂತೆ ಕಾಣುತ್ತದೆ. ಹಾಗಾಗಿ ಇವರಲ್ಲಿ ತೆಗೆಯುವ ಮಿತಿಯೂ ಕಡಿಮೆ. ಬೇಕಾಗುವುದು ಹೆಚ್ಚು, ತೆಗೆಯಬಹುದಾದದ್ದು ಕಡಿಮೆ ಎಂಬ ಇಕ್ಕಟ್ಟು ಇದೇ.

ಗಡ್ಡ ದಟ್ಟವಾಗಿದ್ದರೆ ಒಂದು ಸಹಾಯ ಸಿಗಬಹುದು. ಗಡ್ಡದ ಕೂದಲು ತಲೆಗೂದಲಿಗಿಂತ ದಪ್ಪ. ದವಡೆಯ ಕೆಳಗಿನಿಂದ ಕೆಲವು ನೂರು ತೆಗೆದು, ಹಣೆಯಂಚಿಗಲ್ಲ, ಅದರ ಹಿಂದಿನ ಭಾಗದಲ್ಲಿ ತಲೆಗೂದಲಿನ ನಡುನಡುವೆ ಬೆರೆಸಿದರೆ ಗಾತ್ರ ಬರುತ್ತದೆ. ಇನ್ನೊಬ್ಬರ ಕೂದಲನ್ನು, ಅಣ್ಣನದ್ದೇ ಆದರೂ, ನೆಡಲು ಆಗುವುದಿಲ್ಲ. ದೇಹ ಅದನ್ನು ತಿರಸ್ಕರಿಸುತ್ತದೆ.

ಔಷಧಿ ಬೇಡ, ಆಪರೇಷನ್ ಮಾತ್ರ ಸಾಕು ಎನ್ನುವವರಿಗೆ

ಸಣ್ಣ ಎಳೆಯವರಿಗೆ ಇದು ದುಬಾರಿ ಹಟ. ಮಿನಾಕ್ಸಿಡಿಲ್ ಮತ್ತು ಫಿನಾಸ್ಟೆರೈಡ್ ಇನ್ನೂ ಬದುಕಿರುವ ಕೂದಲಿನ ಬೇರುಗಳು ಮತ್ತಷ್ಟು ಕೃಶವಾಗುವುದನ್ನು ತಡೆಯುತ್ತವೆ, ಹಲವರಲ್ಲಿ ಎಳೆಯನ್ನು ಸ್ವಲ್ಪ ದಪ್ಪವಾಗಿಸುತ್ತವೆ. ಅಡ್ಡಳತೆ ಸ್ವಲ್ಪ ಹೆಚ್ಚಿದರೂ ಗಾತ್ರ ಎಷ್ಟು ಹೆಚ್ಚುತ್ತದೆ ಎಂದು ಮೇಲೆ ನೋಡಿದೆವಲ್ಲ. ಪುರುಷರ ಬೋಳುತನಕ್ಕೆ ಅಮೆರಿಕದ ಔಷಧ ಆಡಳಿತ ಮಿನಾಕ್ಸಿಡಿಲ್‌ಗೆ 1988ರಲ್ಲಿ, 1 ಮಿ.ಗ್ರಾಂ. ಫಿನಾಸ್ಟೆರೈಡ್‌ಗೆ 1997ರಲ್ಲಿ ಒಪ್ಪಿಗೆ ನೀಡಿತು. ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಲಾಭವೂ ನಿಲ್ಲುತ್ತದೆ. ಫಿನಾಸ್ಟೆರೈಡ್‌ನಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗುವುದು, ನಿಮಿರುವಿಕೆಯ ತೊಂದರೆ, ಮನಸ್ಸು ಕುಗ್ಗುವುದು ಕಂಡುಬರುತ್ತದೆ. ಅಂಥದ್ದೇನಾದರೂ ಆದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಗರ್ಭಿಣಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಬಾರದು. ಈ ಮಾತ್ರೆ ಪ್ರಾಸ್ಟೇಟ್‌ಗಾಗಿ ಮಾಡುವ ಪಿಎಸ್ಎ ರಕ್ತಪರೀಕ್ಷೆಯ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಹಾಗಾಗಿ ಆ ಪರೀಕ್ಷೆಗೆ ಹೋದಾಗ ತಿಳಿಸಲೇಬೇಕು. ಮೆಡಿಕಲ್ ಶಾಪಿನವರು ಹೇಳಿದರೆಂದು ಸ್ವತಃ ಶುರು ಮಾಡುವ ಔಷಧಿ ಇದಲ್ಲ.

ಹೆಂಗಸರಲ್ಲಿ ಕೂದಲು ಸಣ್ಣಗಾಗುವುದಕ್ಕೆ ಥೈರಾಯ್ಡ್, ಕಬ್ಬಿಣದ ಕೊರತೆ, ಹೆರಿಗೆಯ ನಂತರದ ಉದುರುವಿಕೆ ಹೀಗೆ ಬೇರೆ ಕಾರಣಗಳೂ ಇರುತ್ತವೆ. ಅವರಲ್ಲಿ ಹಿಂದಲೆಯೂ ತೆಳ್ಳಗಾಗುವುದು ಹೆಚ್ಚು. ಮೊದಲು ರಕ್ತಪರೀಕ್ಷೆ, ಆಮೇಲೆ ಉಳಿದ ಮಾತು.

ಇನ್ನು “ತಲೆ ಬೋಳಿಸಿದರೆ ದಪ್ಪ ಕೂದಲು ಬರುತ್ತದೆ” ಎಂಬ ಮಾತು. ತಿರುಪತಿಗೆ ಮುಡಿ ಕೊಡುವುದು ನಂಬಿಕೆ, ಕೊಡಿ. ಆದರೆ ಎಳೆ ದಪ್ಪವಾಗುವುದಿಲ್ಲ. ಬ್ಲೇಡು ಚರ್ಮದ ಹೊರಗಿನ ಸತ್ತ ಭಾಗವನ್ನು ಕತ್ತರಿಸುತ್ತದೆ, ಒಳಗಿನ ಬೇರಿಗೆ ಅದು ತಿಳಿಯುವುದೇ ಇಲ್ಲ. ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ 1928ರಲ್ಲೇ ಗಡ್ಡ ಬೋಳಿಸಿದವರ ಕೂದಲನ್ನು ಅಳೆದು ನೋಡಿ ವ್ಯತ್ಯಾಸವಿಲ್ಲ ಎಂದಿದ್ದರು. ಹೊಸದಾಗಿ ಬಂದ ಕೂದಲಿನ ತುದಿ ಚೂಪಾಗಿರದೆ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತಾಗುತ್ತದೆ, ಅಷ್ಟೆ.

ಯಾರ ಕೈಗೆ ತಲೆ ಕೊಡುತ್ತಿದ್ದೀರಿ?

ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಸೆಪ್ಟೆಂಬರ್‌ನಲ್ಲಿ ಹೇರ್ ಟ್ರಾನ್ಸ್‌ಪ್ಲಾಂಟ್ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದಕ್ಕೆ ತಕ್ಕ ತರಬೇತಿ ಪಡೆದ ವೈದ್ಯರೇ ಇದನ್ನು ಮಾಡಬೇಕು, ಕಾರ್ಯಾಗಾರದಲ್ಲಿ ಅಥವಾ ಯೂಟ್ಯೂಬ್‌ನಲ್ಲಿ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ಅದರಲ್ಲಿ ನೇರವಾಗಿಯೇ ಇದೆ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇರಬೇಕು, ವೈದ್ಯರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಎರಡನ್ನೂ ಕೇಳಲು ಸಂಕೋಚ ಬೇಡ. ರಂಧ್ರ ಮಾಡುವವರು ಯಾರು, ತೆಗೆಯುವವರು ಯಾರು, ವೈದ್ಯರು ಪೂರ್ತಿ ಹೊತ್ತು ಕೋಣೆಯಲ್ಲಿ ಇರುತ್ತಾರೋ ಎಂದೂ ಕೇಳಿ. ಇಸ್ತಾಂಬುಲ್‌ನ ಹೋಟೆಲ್ ಸಹಿತ ಪ್ಯಾಕೇಜ್ ಬುಕ್ ಮಾಡುವವರಿಗೂ ಈ ಪ್ರಶ್ನೆಗಳು ಅನ್ವಯಿಸುತ್ತವೆ.

“ಒಂದೇ ದಿನ 5000” ಎಂಬುದರಲ್ಲಿ ಇನ್ನೊಂದು ಅಪಾಯವಿದೆ. ಮರಗಟ್ಟಿಸಲು ಕೊಡುವ ಲಿಗ್ನೋಕೇನ್‌ಗೆ ತೂಕಕ್ಕೆ ತಕ್ಕ ಮಿತಿ ಇದೆ. ಅಡ್ರಿನಲಿನ್ ಜೊತೆ ಕೊಟ್ಟಾಗ ಕೆ.ಜಿ.ಗೆ 7 ಮಿ.ಗ್ರಾಂ., ಅಂದರೆ 70 ಕೆ.ಜಿ. ತೂಕದವರಿಗೆ ಸುಮಾರು 490 ಮಿ.ಗ್ರಾಂ. ಜಾಗ ದೊಡ್ಡದಾದಷ್ಟೂ, ಹೊತ್ತು ಹೆಚ್ಚಾದಷ್ಟೂ ಮತ್ತೆ ಮತ್ತೆ ಚುಚ್ಚಬೇಕಾಗುತ್ತದೆ. ಮಿತಿ ದಾಟಿದರೆ ಫಿಟ್ಸ್ ಬರಬಹುದು, ಹೃದಯ ಬಡಿತ ಏರುಪೇರಾಗಬಹುದು. ಸಣ್ಣ ಎಳೆಯ ಗ್ರಾಫ್ಟ್‌ಗಳು ನಾಜೂಕು ಕೂಡ. ಹೊರಗೆ ಹೆಚ್ಚು ಹೊತ್ತು ಇದ್ದು ಒಣಗಿದರೆ, ಚಿಮುಟದಲ್ಲಿ ಬೇರು ಹಿಚುಕಿದರೆ ಅವು ಬದುಕುವುದಿಲ್ಲ. ಇವರಿಗೆ ಎರಡು ಕಂತಿನಲ್ಲಿ, ನಡುವೆ ಕನಿಷ್ಠ ಹತ್ತು ಹನ್ನೆರಡು ತಿಂಗಳು ಬಿಟ್ಟು ಮಾಡುವುದು ಎಷ್ಟೋ ಸಲ ಮೇಲು. ಮೊದಲ ಸುತ್ತು ಎಷ್ಟು ಮುಚ್ಚಿತು ಎಂದು ನೋಡಿ ಎರಡನೆಯದನ್ನು ನಿರ್ಧರಿಸಬಹುದು.

ಕ್ಲಿನಿಕ್ ತೋರಿಸುವ ಫೋಟೋ ನೋಡುವಾಗ ಮೊದಲಿನ ಚಿತ್ರದಲ್ಲಿ ಕೂದಲು ಒದ್ದೆಯೋ, ನಂತರದ್ದರಲ್ಲಿ ಒಣಗಿದೆಯೋ, ಬೆಳಕು ಒಂದೇ ತೆರನೋ, ಬಾಚಿದ ದಿಕ್ಕು ಒಂದೇನೋ ಗಮನಿಸಿ. ಕೂದಲಿನ ಪುಡಿ ಉದುರಿಸಿ ತೆಗೆದ ಚಿತ್ರಗಳೂ ಇರುತ್ತವೆ. “ನನ್ನಂತೆಯೇ ಸಣ್ಣ ಎಳೆ ಇರುವವರ, ಒಂದು ವರ್ಷ ಆದ ಮೇಲಿನ, ಒದ್ದೆ ಕೂದಲಿನ ಫೋಟೋ ಇದೆಯೇ?” ಎಂದು ಕೇಳಿ. ಇದ್ದರೆ ನಿಮ್ಮ ತಲೆ ಹೇಗಾಗಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸುಳಿವಿಲ್ಲ.

ಆ ಕೂದಲಿನ ಪುಡಿಯೂ ಕೆಟ್ಟದ್ದೇನಲ್ಲ, ಹೇಳಿ ಬಳಸಿದರೆ. ಸಣ್ಣ ಎಳೆಯವರಿಗೆ ಟ್ರಾನ್ಸ್‌ಪ್ಲಾಂಟ್ ಆದ ಮೇಲೂ ಅದು ಉಪಯೋಗವೇ. ಬುರುಡೆಯ ಚರ್ಮಕ್ಕೆ ಕೂದಲ ಬುಡದಂತೆ ಚುಕ್ಕೆ ಬಣ್ಣ ಹಾಕುವ ಮೈಕ್ರೋಪಿಗ್ಮೆಂಟೇಶನ್ ಎಂಬ ಹಚ್ಚೆ ವಿಧಾನವೂ ಇದೆ, ನಡುವಿನ ಖಾಲಿ ಕಾಣದಂತೆ ಮಾಡುತ್ತದೆ. ಹಿಂದಲೆ ಗಟ್ಟಿಯಿಲ್ಲದವರಿಗೆ ಇವೆರಡು, ಇಲ್ಲವೇ ಗಿಡ್ಡ ಕಟಿಂಗ್.

ಮಾಡಿಸಿಕೊಂಡವರು ನೆನಪಿಡಬೇಕಾದದ್ದು: ನೆಟ್ಟ ಕೂದಲು ಎರಡರಿಂದ ಎಂಟು ವಾರದೊಳಗೆ ಬಹುತೇಕ ಉದುರುತ್ತದೆ, ಬೇರು ಒಳಗೇ ಇರುತ್ತದೆ. ಸುತ್ತಲಿನ ಹಳೆಯ ಸಣ್ಣ ಕೂದಲೂ ಆಘಾತಕ್ಕೆ ಸ್ವಲ್ಪ ಉದುರಬಹುದು. ಮೂರನೇ ನಾಲ್ಕನೇ ತಿಂಗಳಿಗೆ ರೋಮದಂತೆ ಮೊಳೆಯುತ್ತದೆ. ಆರನೇ ತಿಂಗಳಲ್ಲಿ ಬರುವ ಎಳೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಸಣ್ಣ ಎಳೆಯವರಿಗೆ ಈ ಹಂತದಲ್ಲೇ ನಿರಾಸೆ ಹೆಚ್ಚು. ಹನ್ನೆರಡನೇ ತಿಂಗಳಿಗೆ ಮುಂಭಾಗದ ಫಲಿತಾಂಶ ಗೊತ್ತಾಗುತ್ತದೆ, ನೆತ್ತಿಗೆ ಒಂದೂವರೆ ವರ್ಷ ಹಿಡಿಯಬಹುದು. ಆಪರೇಷನ್‌ಗೆ ಮೊದಲು ಯಾವ ಕಿಟಕಿಯ ಬಳಿ, ಯಾವ ಹೊತ್ತಿನಲ್ಲಿ ಫೋಟೋ ತೆಗೆದಿದ್ದಿರೋ ಅದೇ ಕಿಟಕಿಯ ಬಳಿ, ಅದೇ ಹೊತ್ತಿನಲ್ಲಿ, ಎಣ್ಣೆಯಿಲ್ಲದ ಒಣ ಕೂದಲಿನಲ್ಲಿ ತಿಂಗಳಿಗೊಂದು ತೆಗೆದಿಟ್ಟುಕೊಳ್ಳಿ. ದಿನಾ ಕನ್ನಡಿ ನೋಡುವವರಿಗೆ ಕಾಣದ ಬದಲಾವಣೆ ಅದರಲ್ಲಿ ಕಾಣುತ್ತದೆ.